ಹಳೇ ಔಟ್‌ಬೋರ್ಡ್ ಎಂಜಿನ್ನಿನ ಪೆಟ್ರೋಲ್ ಫಿಟಿಂಗ್‌ಗಳು: ಹುಡುಕುವ ಮೊದಲು ಅಳೆಯಿರಿ

ದೋಣಿಯ ಹಿಂಭಾಗಕ್ಕೆ ಸಿಕ್ಕಿಸುವ ಹಳೆಯ ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ನೋಡಿದರೆ ಪಿಸ್ಟನ್, ಕ್ರ್ಯಾಂಕ್, ಗೇರುಗಳು ಇನ್ನೂ ದುಡಿಯುವ ಸ್ಥಿತಿಯಲ್ಲೇ ಇರುವುದು ಅಪರೂಪವೇನಲ್ಲ. ಮೊದಲು ಕೈಕೊಡುವುದು ಪೆಟ್ರೋಲ್ ಹರಿದು ಬರುವ ದಾರಿ. ಟ್ಯಾಂಕಿನ ಕಾಕ್ (ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿ), ಹೋಸ್ ತುದಿಯ ಕನೆಕ್ಟರ್, ಪಂಪಿನ ಎಲ್ಬೋ, ಕಾರ್ಬ್ಯುರೇಟರಿನ ನಿಪ್ಪಲ್, ಇವುಗಳೊಳಗಿನ ರಬ್ಬರ್. ಎಂಜಿನ್ನಿನ ತೂಕದಲ್ಲಿ ಇವು ಲೆಕ್ಕಕ್ಕೇ ಇಲ್ಲ. ಆದರೆ ಇವುಗಳಲ್ಲಿ ಒಂದು ಗಾಳಿ ಎಳೆದರೂ ಎಂಜಿನ್ ನಿಲ್ಲುತ್ತದೆ. ನಿಲ್ಲದೆ ಓಡಿದರೆ ಇನ್ನೂ ಕಷ್ಟ.

ಯಾಕೆಂದರೆ ಹಳೆಯ ಎಂಜಿನ್ನುಗಳು ಹೆಚ್ಚುಕಮ್ಮಿ ಎಲ್ಲವೂ ಟೂ-ಸ್ಟ್ರೋಕ್. ಆಯಿಲ್ ಬರುವುದು ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದರೆ ಸಿಲಿಂಡರ್ ಬಿಸಿಯೇರುತ್ತದೆ, ಅದೇ ಹೊತ್ತಿಗೆ ಆಯಿಲ್ ಕೂಡ ಕಡಿಮೆಯಾಗುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ಭಾಗದಲ್ಲಿ ಎಂಜಿನ್ ಓಡುವಾಗ ಇರುವುದು ಎಳೆತ, ಒತ್ತಡವಲ್ಲ. ಅಲ್ಲಿ ಸೋರಿಕೆ ಇದ್ದರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಎಲ್ಲವೂ ಒಣಗಿ ಚೊಕ್ಕಟವಾಗಿ ಕಾಣುತ್ತಿದ್ದರೂ ಎಂಜಿನ್ ಉಸಿರುಗಟ್ಟುತ್ತಿರುತ್ತದೆ. ‘ಎಲ್ಲೂ ಸೋರುತ್ತಿಲ್ಲವಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಮೊದಲು ವ್ಯವಸ್ಥೆ ಯಾವುದೆಂದು ಗೊತ್ತಿರಲಿ

ಹಳೆಯ ಔಟ್‌ಬೋರ್ಡ್‌ಗಳಲ್ಲಿ ಪೆಟ್ರೋಲ್ ಕಾರ್ಬ್ಯುರೇಟರ್ ತಲುಪುವ ದಾರಿ ಮೂರು. ಮೊದಲನೆಯದು ಎಂಜಿನ್ ಮೇಲೆಯೇ ಕೂತ ಟ್ಯಾಂಕಿನಿಂದ ಕೆಳಗಿಳಿಯುವುದು. ಇಲ್ಲಿ ಕಾಕ್, ಒಂದು ತುಂಡು ಪೈಪ್, ಎರಡು ಜೋಡಣೆ, ಮುಗಿಯಿತು. ಎರಡನೆಯದು ಒತ್ತಡದ ಟ್ಯಾಂಕ್. ಎಂಜಿನ್ನಿನ ಕ್ರ್ಯಾಂಕ್‌ಕೇಸಿನ (ಪಿಸ್ಟನ್ ಕೆಳಗಿನ ಕೋಣೆಯ) ಒತ್ತಡ ಒಂದು ಹೋಸಿನಲ್ಲಿ ಟ್ಯಾಂಕಿಗೆ ಹೋಗುತ್ತದೆ, ಆ ಒತ್ತಡಕ್ಕೆ ಪೆಟ್ರೋಲ್ ಇನ್ನೊಂದು ಹೋಸಿನಲ್ಲಿ ಮೇಲೇರುತ್ತದೆ. ಮೂರನೆಯದು ಇಂದಿಗೂ ಇರುವ ಒಂದೇ ಹೋಸಿನ ವ್ಯವಸ್ಥೆ, ಎಂಜಿನ್ ಮೇಲೆ ಡಯಾಫ್ರಮ್ ಪಂಪ್ (ತೆಳು ಪೊರೆ ಆಡುತ್ತಾ ಪೆಟ್ರೋಲ್ ಎಳೆಯುವುದು).

ಜಾನ್ಸನ್, ಎವಿನ್‌ರೂಡ್ ಎಂಜಿನ್ನುಗಳಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಗುರುತಿಸುವುದು ಸುಲಭ. ಎಂಜಿನ್ ಕಡೆಯ ಕನೆಕ್ಟರಿನಲ್ಲಿ ಮೂರು ಪಿನ್ ಇದ್ದರೆ ಅದು ಒತ್ತಡದ ಟ್ಯಾಂಕಿನದು, ಎರಡೇ ಇದ್ದರೆ ಪಂಪಿನದು. ಇದನ್ನು ನೋಡದೆ ಹೋಸ್ ಮತ್ತು ಟ್ಯಾಂಕ್ ತಂದಿಟ್ಟುಕೊಂಡರೆ ದುಡ್ಡು ದಂಡ.

ಒತ್ತಡದ ಟ್ಯಾಂಕಿನ ಬಗ್ಗೆ ಎರಡು ಎಚ್ಚರ. ಹೋಸ್ ಕಳಚುವ ಮೊದಲು ಮುಚ್ಚಳ ಸಡಿಲಿಸಿ ಒತ್ತಡ ಬಿಡಿ. ಇಲ್ಲದಿದ್ದರೆ ಕೆಟ್ಟ ಕನೆಕ್ಟರಿನಿಂದ ಪೆಟ್ರೋಲ್ ಚಿಮ್ಮುತ್ತದೆ. ಎರಡನೆಯದು, ಗಾಳಿಯ ಹೋಸಿಗೂ ಪೆಟ್ರೋಲ್ ಹೋಸನ್ನೇ ಬಳಸಿ. ಅದರಲ್ಲಿ ಹೋಗುವುದು ಬರೀ ಗಾಳಿಯಲ್ಲ, ಪೆಟ್ರೋಲ್-ಆಯಿಲ್ ಆವಿ. ಸಾದಾ ರಬ್ಬರ್ ಊದಿಕೊಂಡು ಒಳಗಿನ ದಾರಿ ಮುಚ್ಚಿಹೋಗುತ್ತದೆ. ಜೋಡಿಯಾಗಿ ಅಂಟಿಕೊಂಡಿರುವ ಮೂಲ ಹೋಸ್ ಸಿಗದಿದ್ದರೆ ಎರಡು ಬಿಡಿ ಹೋಸುಗಳನ್ನು ಅಲ್ಲಲ್ಲಿ ಕಟ್ಟಿ ಬಳಸಿದರೆ ಯಾವ ತೊಂದರೆಯೂ ಇಲ್ಲ.

ಒತ್ತಡದ ಟ್ಯಾಂಕ್ ಕಿತ್ತುಹಾಕಿ ಪಂಪ್ ಕೂರಿಸಬೇಕೇ? ಟ್ಯಾಂಕಿನ ತಗಡು, ಮೇಲ್ಭಾಗದ ಗ್ಯಾಸ್ಕೆಟ್, ಪ್ರೈಮ್ ಮಾಡುವ ಡಯಾಫ್ರಮ್ ಚೆನ್ನಾಗಿದ್ದರೆ ಮೂಲ ವ್ಯವಸ್ಥೆಯನ್ನೇ ಉಳಿಸಿಕೊಳ್ಳುವುದು ಒಳ್ಳೆಯದು. ತಗಡು ತುಕ್ಕು ತಿಂದು ತೂತಾಗಿದ್ದರೆ ಪಂಪಿಗೆ ಹೋಗಿ. ಆಗ ಒಂದು ವಿಷಯ ಮರೆಯಬೇಡಿ. ಡಯಾಫ್ರಮ್ ಪಂಪ್ ನಡೆಯುವುದು ಕ್ರ್ಯಾಂಕ್‌ಕೇಸಿನ ಒತ್ತಡ ಮತ್ತು ಎಳೆತ ಒಂದಾದ ಮೇಲೊಂದು ಬರುವುದರಿಂದ. ಒತ್ತಡದ ಟ್ಯಾಂಕಿನ ದಾರಿಯಲ್ಲಿ ಒಮ್ಮುಖ ಕವಾಟಗಳಿರುತ್ತವೆ. ಅವು ಒತ್ತಡವನ್ನು ಹೊರಗೆ ಬಿಡುತ್ತವೆ, ಎಳೆತವನ್ನು ತಡೆಯುತ್ತವೆ. ಅವನ್ನು ತೆಗೆಯದಿದ್ದರೆ ಪಂಪ್ ಅಲುಗಾಡುವುದಿಲ್ಲ. ಜೊತೆಗೆ ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದೇ ಸಿಲಿಂಡರಿನ ಮಿಡಿತ (ಈ ಒತ್ತಡ-ಎಳೆತ) ತೆಗೆದುಕೊಳ್ಳಿ. ಸರದಿಯಂತೆ ಉರಿಯುವ ಎರಡು ಸಿಲಿಂಡರುಗಳ ಮಿಡಿತ ಸೇರಿದರೆ ಒಂದನ್ನೊಂದು ಹೊಡೆದುಹಾಕುತ್ತದೆ. ಮಿಡಿತದ ಹೋಸ್ ಗಿಡ್ಡವಾಗಿ, ಗಟ್ಟಿಯಾಗಿ ಇರಲಿ. ಮೆತ್ತನೆಯ ಉದ್ದ ಹೋಸ್ ತಾನೇ ಉಬ್ಬಿ ಇಳಿದು ಮಿಡಿತವನ್ನು ತಿಂದುಬಿಡುತ್ತದೆ.

ಪಾರ್ಟ್ ನಂಬರ್ ಓದುವ ಬಗೆ

ಜಾನ್ಸನ್ ಮತ್ತು ಎವಿನ್‌ರೂಡ್ ಎರಡನ್ನೂ ಮಾಡುತ್ತಿದ್ದ ಔಟ್‌ಬೋರ್ಡ್ ಮರೈನ್ ಕಾರ್ಪೊರೇಷನ್ (ಒಎಂಸಿ) 2000ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. 2001ರಲ್ಲಿ ಬೊಂಬಾರ್ಡಿಯರ್ ಆ ಹೆಸರುಗಳನ್ನು ಕೊಂಡಿತು. ಮುಂದೆ 2020ರಲ್ಲಿ ಎವಿನ್‌ರೂಡ್ ಎಂಜಿನ್ನುಗಳ ತಯಾರಿಕೆಯೂ ನಿಂತಿತು. ಹುಡುಕುವವರಿಗೆ ಇದರಿಂದ ಆಗುವ ಪರಿಣಾಮ ಇಷ್ಟು: ಹಳೆಯ ಕೈಪಿಡಿಯಲ್ಲಿರುವ ಆರಂಕಿಯ ನಂಬರ್ ನಂತರದ ಪಟ್ಟಿಗಳಲ್ಲಿ ಮುಂದೊಂದು ಸೊನ್ನೆ ಸೇರಿ ಏಳಂಕಿಯಾಗಿರುತ್ತದೆ. ಎರಡೂ ರೂಪದಲ್ಲಿ ಹುಡುಕಿ. ಒಂದು ನಂಬರಿನ ಬದಲು ಇನ್ನೊಂದು ಬಂದಿದ್ದರೆ ಆ ಸರಪಳಿಯನ್ನು ಕೊನೆಯವರೆಗೂ ಹಿಂಬಾಲಿಸಿ. ಮಧ್ಯದ ನಂಬರಿನಲ್ಲಿ ‘ಲಭ್ಯವಿಲ್ಲ’ ಎಂದಿದ್ದರೂ ಕೊನೆಯ ನಂಬರಿನಲ್ಲಿ ಮಾಲು ಇರಬಹುದು.

ಯಮಾಹಾ ನಂಬರುಗಳು ಹುಡುಕುವವರ ಪಾಲಿಗೆ ವರ. ಮೊದಲ ಮೂರು ಅಕ್ಷರಗಳು ಆ ಭಾಗ ಮೊದಲು ಬಂದ ಮಾಡೆಲ್ಲಿನ ಗುರುತು, ನಡುವಿನ ಐದು ಅಂಕಿಗಳು ಅದು ಯಾವ ಬಗೆಯ ಭಾಗ ಎಂಬುದರ ಗುರುತು, ಕೊನೆಯವು ಮಾರ್ಪಾಡಿನವು. ಹೋಸ್ ತುದಿಯ ಕನೆಕ್ಟರುಗಳಿಗೆ ನಡುವೆ 24305 ಬರುತ್ತದೆ. ಹಾಗಾಗಿ ನಿಮ್ಮ ಮಾಡೆಲ್ಲಿನದು ಸಿಗದಿದ್ದರೆ ಅದೇ ಐದಂಕಿಯ ಬೇರೆ ಮಾಡೆಲ್ಲಿನ ಭಾಗವನ್ನು ನೋಡಿ, ಅಳತೆ ಹೋಲಿಸಿ. ಮರ್ಕ್ಯುರಿಯಲ್ಲಿ ಗೀಟಿನ ಹಿಂದಿನ ಅಂಕಿ ವರ್ಗ ಹೇಳುತ್ತದೆ: 22 ಫಿಟಿಂಗ್, 25 ಓ-ರಿಂಗ್, 27 ಗ್ಯಾಸ್ಕೆಟ್, 32 ಹೋಸ್. ಬದಲಿ ಭಾಗಗಳನ್ನು ಮಾಡುವ ಸಿಯೆರಾದ ನಂಬರುಗಳು 18ರಿಂದ ಶುರುವಾಗುತ್ತವೆ, ಮೂಲ ಕಂಪನಿಯ ನಂಬರ್ ಕೊಟ್ಟರೆ ಅವರ ನಂಬರ್ ಹೇಳುವ ಪಟ್ಟಿಗಳೂ ಇವೆ.

ಡಬ್ಬಿ ಬಿಚ್ಚದ ಹಳೆಯ ಮೂಲ ಮಾಲು ಸಿಕ್ಕಿತೆಂದು ಹಿಗ್ಗಬೇಡಿ. ಲೋಹದ ಭಾಗವಾದರೆ ಸರಿ, ತೆಗೆದುಕೊಳ್ಳಿ. ರಬ್ಬರ್ ಇರುವ ಭಾಗವಾದರೆ ಅದು ಡಬ್ಬಿಯಲ್ಲೇ ಮುದಿಯಾಗಿರುತ್ತದೆ. ಹಳೆಯ ಡಯಾಫ್ರಮ್, ಓ-ರಿಂಗ್, ಪ್ರೈಮರ್ ಬಲ್ಬ್ (ಕೈಯಲ್ಲಿ ಒತ್ತಿ ಪೆಟ್ರೋಲ್ ಏರಿಸುವ ರಬ್ಬರ್ ಬುರುಡೆ) ಇವು ಎಷ್ಟೇ ಹೊಳೆಯುತ್ತಿರಲಿ, ಮಾದರಿಯಾಗಿ ಇಟ್ಟುಕೊಳ್ಳಲು ಮಾತ್ರ.

ಇಷ್ಟೆಲ್ಲ ಹೇಳಿದರೂ ನಂಬರುಗಳಿಗಿಂತ ಅಳತೆಯೇ ಬೇಗ ದಡ ಮುಟ್ಟಿಸುತ್ತದೆ. ಎಂಜಿನ್ ಕಂಪನಿಗಳು ಸಣ್ಣ ಹಿತ್ತಾಳೆ ಫಿಟಿಂಗ್‌ಗಳನ್ನು ಬಹುಪಾಲು ತಾವೇ ಕಂಡುಹಿಡಿಯಲಿಲ್ಲ, ಆಗಿನ ಕಾರ್ಖಾನೆಗಳ ಸಾಮಾನ್ಯ ಮಾಲನ್ನೇ ಹಾಕಿದವು. ಥ್ರೆಡ್, ಕೂರುವ ಮುಖ, ಒಳತೂತು, ಸೀಲಿನ ವಸ್ತು ಈ ನಾಲ್ಕು ಗೊತ್ತಾದರೆ ಟ್ರ್ಯಾಕ್ಟರ್, ಜನರೇಟರ್, ಗ್ಯಾಸ್ ಅಂಗಡಿಗಳ ಡ್ರಾಯರಿನಲ್ಲೂ ಅದೇ ಫಿಟಿಂಗ್ ಸಿಗುತ್ತದೆ.

ಥ್ರೆಡ್: ಎಲ್ಲರೂ ಎಡವುವ ಜಾಗ

ಬೇಕಾದ ಸಲಕರಣೆ ಎರಡೇ, ವರ್ನಿಯರ್ ಮತ್ತು ಪಿಚ್ ಗೇಜ್ (ಥ್ರೆಡ್ಡಿನ ಸುತ್ತುಗಳ ಅಂತರ ನೋಡುವ ಹಲ್ಲಿನ ಎಲೆಗಳ ಗೊಂಚಲು). ಪಿಚ್ ಗೇಜಿನಲ್ಲಿ ಮೆಟ್ರಿಕ್ ಎಲೆಗಳೂ ಇಂಚಿನ ಎಲೆಗಳೂ ಇರಲಿ, ಇಂಚಿನವುಗಳಲ್ಲಿ 55 ಡಿಗ್ರಿಯದೂ 60 ಡಿಗ್ರಿಯದೂ ಇರಲಿ.

ಅಮೆರಿಕದ ಎಂಜಿನ್ನುಗಳಲ್ಲಿ ತೀರಾ ಸಾಮಾನ್ಯ 1/8 ಎನ್‌ಪಿಟಿ (ಅಮೆರಿಕದ ಇಳಿಜಾರು ಪೈಪ್ ಥ್ರೆಡ್). ಇಂಚಿಗೆ 27 ಸುತ್ತು, 60 ಡಿಗ್ರಿ, ಉದ್ದದಲ್ಲಿ 16ಕ್ಕೆ 1ರಷ್ಟು ಇಳಿಜಾರು. ಬ್ರಿಟಿಷ್ ಎಂಜಿನ್ನುಗಳಲ್ಲಿ 1/8 ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್), ಇಂಚಿಗೆ 28 ಸುತ್ತು, 55 ಡಿಗ್ರಿ, ಹೊರವ್ಯಾಸ 9.73 ಮಿ.ಮೀ. ಮೆಟ್ರಿಕ್ ಆದರೆ ಎಂ10×1, ಅಂದರೆ ವ್ಯಾಸ 10 ಮಿ.ಮೀ., ಸುತ್ತಿಗೆ 1 ಮಿ.ಮೀ. ಈ ಮೂರೂ ಬರಿಗಣ್ಣಿಗೆ ಒಂದೇ. ‘1/8’ ಎಂದರೆ ಒಂದು ಇಂಚಿನ ಎಂಟನೇ ಒಂದು ಭಾಗ ಎಂದುಕೊಂಡು ವರ್ನಿಯರಿನಲ್ಲಿ 3 ಮಿ.ಮೀ. ಹುಡುಕಿದವರಿಗೆ ಏನೂ ಸಿಗುವುದಿಲ್ಲ. ಅದು ಪೈಪಿನ ಹೆಸರು, ಥ್ರೆಡ್ಡಿನ ಅಳತೆಯಲ್ಲ.

ಇಲ್ಲಿರುವ ಮೋಸ ಎನ್‌ಪಿಟಿಯ ಇಳಿಜಾರಿನದು. 1/8 ಎನ್‌ಪಿಟಿಯ ಪೈಪ್ ವ್ಯಾಸ 10.29 ಮಿ.ಮೀ. ಆದರೂ ಮುಂದಿನ ಸಣ್ಣ ತುದಿಯಲ್ಲಿ ಅಳೆದರೆ ಸುಮಾರು 10.0 ಬರುತ್ತದೆ. ನೋಡಿದವರು ‘ಎಂ10’ ಎಂದು ಬರೆದುಕೊಳ್ಳುತ್ತಾರೆ. ಆದ್ದರಿಂದ ಒಂದೇ ಕಡೆ ಅಳೆಯಬೇಡಿ, ತುದಿಯಲ್ಲೊಮ್ಮೆ ಬುಡದಲ್ಲೊಮ್ಮೆ ಅಳೆಯಿರಿ. ವ್ಯತ್ಯಾಸವಿದ್ದರೆ ಇಳಿಜಾರು ಥ್ರೆಡ್. 27 ಮತ್ತು 28 ಸುತ್ತುಗಳನ್ನು 6 ಮಿ.ಮೀ. ಉದ್ದದಲ್ಲಿ ಎಣಿಸಿ ಬೇರ್ಪಡಿಸಲಾಗುವುದಿಲ್ಲ. ಗೇಜಿನ ಎಲೆ ಒತ್ತಿ ಬೆಳಕಿಗೆ ಹಿಡಿಯಿರಿ, ತಪ್ಪು ಎಲೆಯಾದರೆ ಕೊನೆಯ ಹಲ್ಲುಗಳ ಹತ್ತಿರ ಬೆಳಕು ತೂರಿ ಬರುತ್ತದೆ. ಗೇಜಿಗಿಂತಲೂ ಖಾತ್ರಿಯಾದದ್ದು, ಅಳತೆ ಗೊತ್ತಿರುವ ಹೊಸ ಫಿಟಿಂಗನ್ನು ಬೆರಳಿನಲ್ಲಿ ತಿರುಗಿಸಿ ನೋಡುವುದು.

ತಪ್ಪು ಜೋಡಿ ಹೇಗೆ ವರ್ತಿಸುತ್ತದೆಂದು ಗೊತ್ತಿದ್ದರೆ ಕಾರ್ಬ್ಯುರೇಟರ್ ಉಳಿಯುತ್ತದೆ. ಬಿಎಸ್‌ಪಿ ತೂತಿಗೆ ಎನ್‌ಪಿಟಿ ಫಿಟಿಂಗ್ ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ. ‘ಇಳಿಜಾರು ಥ್ರೆಡ್ ಅಲ್ಲವೇ, ಬಿಗಿಯಾಗಲೇಬೇಕು’ ಎಂದು ಸ್ಪ್ಯಾನರ್ ಹಾಕಿದರೆ ಎರಕದ ಮೈ ಸೀಳುತ್ತದೆ. 1/8 ಬಿಎಸ್‌ಪಿ ಗಂಡಿಗೆ ಎಂ10×1 ನಟ್ ಸಡಿಲವಾಗಿ ಹೋಗಿ, ಪಿಚ್ ವ್ಯತ್ಯಾಸ ಸುತ್ತಿಗೆ ಸುತ್ತು ಸೇರುತ್ತಾ ನಾಲ್ಕೈದು ಸುತ್ತಿನಲ್ಲಿ ಕಚ್ಚಿಕೊಳ್ಳುತ್ತದೆ. ಆ ಬಿಗಿ ಸೀಲಿನ ಬಿಗಿಯಲ್ಲ, ಹಲ್ಲುಗಳು ಒಂದನ್ನೊಂದು ತಿನ್ನುತ್ತಿರುವ ಬಿಗಿ. ಸರಿಯಾದ 1/8 ಎನ್‌ಪಿಟಿ ಬೆರಳಿನಲ್ಲೇ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು. ಆ ಮೇಲೆ ಸ್ಪ್ಯಾನರಿನಲ್ಲಿ ಒಂದರಿಂದ ಒಂದೂವರೆ ಸುತ್ತು, ಹಳೆಯ ಎರಕದ ಮೈಯಾದರೆ ಅದಕ್ಕಿಂತ ಹೆಚ್ಚು ಬೇಡ.

ದೊಡ್ಡ ಅಳತೆಯಲ್ಲೂ ಇದೇ ಕಥೆ. 1/4 ಎನ್‌ಪಿಟಿ ಇಂಚಿಗೆ 18 ಸುತ್ತು, ವ್ಯಾಸ 13.72, 1/4 ಬಿಎಸ್‌ಪಿ ಇಂಚಿಗೆ 19 ಸುತ್ತು, ವ್ಯಾಸ 13.16, ಪಕ್ಕದಲ್ಲೇ ಎಂ14×1.5 ಕೂತಿರುತ್ತದೆ.

ದೇಶ ನೋಡಿ ಊಹಿಸುವವರಿಗೆ ಜಪಾನಿನ ಎಂಜಿನ್ನುಗಳು ಪಾಠ ಕಲಿಸುತ್ತವೆ. ಬೋಲ್ಟು ನಟ್ಟುಗಳೆಲ್ಲ ಮೆಟ್ರಿಕ್, ಆದರೆ ಪೈಪ್ ಥ್ರೆಡ್ ಪಿಟಿ ಎಂದು ಬರೆದಿದ್ದರೆ ಅದು ಬ್ರಿಟಿಷ್ ಇಳಿಜಾರು ಥ್ರೆಡ್ಡಿನ ಸಂಬಂಧಿ, 55 ಡಿಗ್ರಿ, 28 ಸುತ್ತು. ಹೆಸರಿನಲ್ಲಿ ‘ಪಿಟಿ’ ಇದೆಯೆಂದು ಎನ್‌ಪಿಟಿ ತಿರುಗಿಸಬೇಡಿ. ಮತ್ತೊಂದು, ಎಂಜಿನ್ನಿನ ದೇಶಕ್ಕಿಂತ ಕಾರ್ಬ್ಯುರೇಟರಿನ ದೇಶ ಮುಖ್ಯ. ಒಂದೇ ಎಂಜಿನ್ನಿನಲ್ಲಿ ಟ್ಯಾಂಕಿನ ಕಡೆ ಒಂದು ಥ್ರೆಡ್, ಕಾರ್ಬ್ಯುರೇಟರಿನ ಕಡೆ ಇನ್ನೊಂದು ಇರುವುದುಂಟು. ಮುಂಚೆ ಕೈಯಾಡಿಸಿದವರು ಬೇರೆ ಟ್ಯಾಪ್ ಹೊಡೆದಿರುವುದೂ ಉಂಟು; ಒಳಥ್ರೆಡ್ಡಿನ ಮೊದಲ ಸುತ್ತುಗಳು ಒಂದು ಬಗೆ, ಒಳಗಿನವು ಇನ್ನೊಂದು ಬಗೆ ಕಂಡರೆ ಹಾಗೆಂದೇ ತಿಳಿಯಿರಿ.

ಕೂರುವ ಮುಖ

ಥ್ರೆಡ್ ಹೊಂದಿದ ಮಾತ್ರಕ್ಕೆ ಫಿಟಿಂಗ್ ಹೊಂದಿತು ಎಂದಲ್ಲ. ಎನ್‌ಪಿಟಿಯಲ್ಲಿ ಥ್ರೆಡ್ಡೇ ಸೀಲ್. ಲೋಹದ ಪೈಪ್ ಬರುವ ಕಡೆ ಥ್ರೆಡ್ ಬರೀ ಹಿಡಿತಕ್ಕೆ, ಸೀಲ್ ಆಗುವುದು ಮುಖದಲ್ಲಿ.

1/4 ಇಂಚು ಪೈಪಿನ ಉದಾಹರಣೆ ಸಾಕು. ಅದಕ್ಕೆ ಕಂಪ್ರೆಷನ್ ಫಿಟಿಂಗಿನ ಥ್ರೆಡ್ 7/16-24, ಅಂದರೆ ವ್ಯಾಸ 7/16 ಇಂಚು, ಇಂಚಿಗೆ 24 ಸುತ್ತು. ಒಳಮುಖ ಫ್ಲೇರಿನ ಥ್ರೆಡ್ಡೂ 7/16-24. ಒಂದರಲ್ಲಿ ಪೈಪಿನ ಮೇಲೆ ಹಿತ್ತಾಳೆಯ ಆಲಿವ್ ಉಂಗುರ, ಇನ್ನೊಂದರಲ್ಲಿ ಪೈಪಿನ ಬಾಯನ್ನೇ ಅಗಲಿಸಿ ಒತ್ತಿ ಹಿಡಿಯುವುದು. ಥ್ರೆಡ್ ಒಂದೇ ಆದರೂ ಒಂದರ ಭಾಗ ಇನ್ನೊಂದರಲ್ಲಿ ಸೀಲ್ ಆಗುವುದಿಲ್ಲ. ಹೊರಮುಖ ಫ್ಲೇರ್ ಆದರೆ 7/16-20, ಇದರಲ್ಲೂ ಎರಡು ಕೋನ: ಪೆಟ್ರೋಲ್ ಕೆಲಸಕ್ಕೆ 45 ಡಿಗ್ರಿ, ಹೈಡ್ರಾಲಿಕ್ ಅಂಗಡಿಯಲ್ಲಿ ಸಿಗುವುದು 37 ಡಿಗ್ರಿ. ಇವುಗಳ ಥ್ರೆಡ್ ಒಂದೇ. 37ರ ಫಿಟಿಂಗಿಗೆ 45ರ ಪೈಪ್ ಕೂರಿಸಿದರೆ ಮುಟ್ಟುವುದು ಕೂದಲೆಳೆಯಷ್ಟು ಅಗಲದ ಒಂದು ಗೆರೆಯಲ್ಲಿ. ಮೊದಲ ದಿನ ಹಿಡಿಯುತ್ತದೆ, ಎಂಜಿನ್ ಅದುರಿದ ಮೇಲೆ ಬಿಡುತ್ತದೆ.

ಆಲಿವ್ ಕೊಳ್ಳುವಾಗ 6 ಮಿ.ಮೀ. ಮತ್ತು 1/4 ಇಂಚು ಬೆರೆಸಬೇಡಿ. 1/4 ಎಂದರೆ 6.35. ಆರರ ಪೈಪಿಗೆ 1/4 ಆಲಿವ್ ಸಲೀಸಾಗಿ ಜಾರಿ ಕೂರುತ್ತದೆ, ಎಷ್ಟು ಬಿಗಿದರೂ ಪೂರ್ತಿ ಹಿಡಿಯುವುದಿಲ್ಲ. ಒಮ್ಮೆ ಒತ್ತಿದ ಆಲಿವ್ ಮತ್ತೆ ಬೇರೆ ಪೈಪಿಗೆ ಬರುವುದಿಲ್ಲ.

ಬ್ಯಾಂಜೋ ಬೋಲ್ಟ್ (ಒಳಗಿನಿಂದ ಪೆಟ್ರೋಲ್ ಹರಿಯುವ ಟೊಳ್ಳು ಬೋಲ್ಟ್) ಇರುವ ಕಡೆ ಎರಡು ವಾಷರ್ ಬೇಕು, ಕೆಳಗೊಂದು ಮೇಲೊಂದು. ಹಳೆಯ ತಾಮ್ರದ ವಾಷರನ್ನೇ ಬಳಸಬೇಕಾಗಿ ಬಂದರೆ ಮಂಕು ಕೆಂಪಾಗುವಷ್ಟು ಕಾಯಿಸಿ ನೀರಿಗೆ ಹಾಕಿ, ಮತ್ತೆ ಮೆತ್ತಗಾಗುತ್ತದೆ. ತಾಮ್ರದ ಪೈಪಿಗೂ ಇದೇ ಮದ್ದು. ಅದುರಿ ಅದುರಿ ಗಡುಸಾದ ಪೈಪ್ ಫ್ಲೇರಿನ ಬುಡದಲ್ಲಿ ಬಿರುಕು ಬಿಡುತ್ತದೆ.

ಫ್ಲೇರ್, ಆಲಿವ್, ಬ್ಯಾಂಜೋ ಈ ಮೂರಕ್ಕೂ ಥ್ರೆಡ್ ಸೀಲಂಟ್ ಹಚ್ಚಬೇಡಿ. ಎನ್‌ಪಿಟಿಗೆ ಮಾತ್ರ, ಅದೂ ಪೆಟ್ರೋಲ್ ತಡೆಯುವ ದ್ರವ ಸೀಲಂಟ್, ಮುಂದಿನ ಎರಡು ಸುತ್ತು ಖಾಲಿ ಬಿಟ್ಟು. ಬಿಳಿ ಟೆಫ್ಲಾನ್ ಟೇಪ್ ಬೇಡವೇ ಬೇಡ. ತಿರುಗಿಸುವಾಗ ಕತ್ತರಿಸಿದ ಅದರ ಎಳೆ ಕಾರ್ಬ್ಯುರೇಟರಿನ ಫ್ಲೋಟ್ ಸೂಜಿಯ ಕೆಳಗೆ ಹೋಗಿ ಕೂತರೆ ಒಂದೋ ತುಂಬಿ ಹರಿಯುತ್ತದೆ, ಇಲ್ಲವೇ ಜೆಟ್ ಕಟ್ಟುತ್ತದೆ.

ಹಳೆಯದನ್ನು ಕೀಳುವುದು

ಹಿತ್ತಾಳೆ ಫಿಟಿಂಗ್, ಅಲ್ಯೂಮಿನಿಯಂ ಮೈ, ನಡುವೆ ಉಪ್ಪು ನೀರು: ಇವು ಸೇರಿದರೆ ಬೆಸುಗೆ ಹಾಕಿದಂತೆ ಹಿಡಿದಿರುತ್ತವೆ. ಕಾರ್ಬ್ಯುರೇಟರನ್ನು ಎಂಜಿನ್ನಿನಿಂದ ಬಿಚ್ಚಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ತೊಳೆದು ಒಣಗಿಸಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಆರು ಮೂಲೆ ಪೂರ್ತಿ ಹಿಡಿಯುವ ಸ್ಪ್ಯಾನರ್ ಬಳಸಿ, ಹೊಂದಿಸುವ ಸ್ಪ್ಯಾನರ್ ಹಿತ್ತಾಳೆಯ ಮೂಲೆ ತಿನ್ನುತ್ತದೆ. ಬಗ್ಗದಿದ್ದರೆ ಬಿಸಿಗಾಳಿಯ ಗನ್ನಿನಿಂದ ಹೊರಗಿನ ಎರಕದ ಮೈ ಕಾಯಿಸಿ, ಬೆಂಕಿ ಬೇಡ. ಮೊದಲು ಬಿಗಿಯುವ ಕಡೆಗೆ ಒಂದಿಷ್ಟು ಅಲುಗಿಸಿ, ಆಮೇಲೆ ಬಿಚ್ಚುವ ಕಡೆಗೆ.

ಕೆಲವು ನಿಪ್ಪಲುಗಳಲ್ಲಿ ಥ್ರೆಡ್ಡೇ ಇರುವುದಿಲ್ಲ, ತೂತಿಗೆ ಒತ್ತಿ ಕೂರಿಸಿರುತ್ತಾರೆ. ಇದನ್ನು ಗಮನಿಸದೆ ಪ್ಲೈಯರಿನಲ್ಲಿ ಹಿಡಿದರೆ ಚಪ್ಪಟೆಯಾಗಿ ಮುರಿಯುತ್ತದೆ. ಒಳತೂತಿಗೆ ಸರಿಯಾಗಿ ಕೂರುವ ಡ್ರಿಲ್ ಬಿಟ್ಟಿನ ನುಣುಪು ಹಿಂಭಾಗ ತೂರಿಸಿ, ಆಮೇಲೆ ಹೊರಗಿನಿಂದ ಹಿಡಿದು ತಿರುಚುತ್ತಾ ಎಳೆಯಿರಿ. ಹೊಸದನ್ನು ಪೆಟ್ರೋಲ್ ತಡೆಯುವ ರಿಟೈನಿಂಗ್ ಕಾಂಪೌಂಡ್ (ಒತ್ತಿ ಕೂರಿಸಿದ ಲೋಹವನ್ನು ಹಿಡಿದಿಡುವ ಅಂಟು) ಹಚ್ಚಿ ಒತ್ತಿ.

ಕಿತ್ತ ಹಿತ್ತಾಳೆಯನ್ನು ಉಜ್ಜಿ ನೋಡಿ. ಹಳದಿಯ ಬದಲು ತಾಮ್ರದಂತೆ ಗುಲಾಬಿ ಬಣ್ಣ ಕಂಡರೆ ಅದರೊಳಗಿನ ಸತು ಕರಗಿಹೋಗಿದೆ, ಗಟ್ಟಿಯಾಗಿ ಕಂಡರೂ ಒಳಗೆ ಪೊಳ್ಳು. ಎಸೆದುಬಿಡಿ.

ಬಾರ್ಬ್, ಹೋಸ್, ಕ್ಲಾಂಪ್

ಸಣ್ಣ ಮತ್ತು ಮಧ್ಯಮ ಎಂಜಿನ್ನುಗಳಿಗೆ ಟ್ಯಾಂಕಿನಿಂದ ಬರುವ ಹೋಸ್ ಒಳವ್ಯಾಸ 5/16 ಇಂಚು, ಅಂದರೆ 7.9 ಮಿ.ಮೀ.; ದೊಡ್ಡವಕ್ಕೆ 3/8, ಅಂದರೆ 9.5. ಕವಚದೊಳಗಿನ ಗಿಡ್ಡ ಹೋಸುಗಳು ಹೆಚ್ಚಾಗಿ 1/4. ಬಾರ್ಬಿನ (ಹೋಸ್ ಏರಿಸುವ ಮೂತಿಯ) ಏಣು ಹೋಸಿನ ಒಳವ್ಯಾಸಕ್ಕಿಂತ ಸ್ವಲ್ಪ ದಪ್ಪ ಇರಬೇಕು. ಹೋಸ್ ಕೈಯಲ್ಲಿ ಒತ್ತಿದಾಗ ಸ್ವಲ್ಪ ಹಠ ಮಾಡಬೇಕು. ಆರಾಮಾಗಿ ಜಾರಿದರೆ ಕ್ಲಾಂಪ್ ಮೇಲೆ ಭರವಸೆ ಇಟ್ಟು ಪ್ರಯೋಜನವಿಲ್ಲ.

ಹೊರಗಿನ ಅಳತೆ ನೋಡಿ ಒಳತೂತು ಮರೆಯುವವರೇ ಹೆಚ್ಚು. ದಪ್ಪ ಗೋಡೆಯ ಅಗ್ಗದ 5/16 ಬಾರ್ಬಿನ ಒಳತೂತು 4 ಮಿ.ಮೀ. ಮಾತ್ರ ಇರುವುದುಂಟು. ಎಂಜಿನ್ ನಿಧಾನಗತಿಯಲ್ಲಿ ಚೆನ್ನಾಗಿ ಓಡಿ ಪೂರ್ತಿ ಥ್ರಾಟಲಿನಲ್ಲಿ ಸಾಯುತ್ತದೆ. ಮೂಲ ಫಿಟಿಂಗಿನ ಒಳತೂತಿಗೆ ಡ್ರಿಲ್ ಬಿಟ್ಟಿನ ಹಿಂಭಾಗ ತೂರಿಸಿ ಅಳೆದುಕೊಳ್ಳಿ, ಹೊಸದು ಅದಕ್ಕಿಂತ ಸಣ್ಣದಿರಬಾರದು. ಕೊರೆದು ಮಾಡಿದ ಚೂಪು ಮೂಲೆಯ ಎಲ್ಬೋಗಿಂತ ಬಾಗಿಸಿದ ಕೊಳವೆಯ ಎಲ್ಬೋ ಲೇಸು.

ಹೋಸಿನ ಮೇಲೆ ಎಸ್‌ಎಇ ಜೆ1527 (ದೋಣಿಯ ಪೆಟ್ರೋಲ್ ಹೋಸುಗಳ ಮಾನದಂಡ) ಎಂದಿರಲಿ. ‘ಎ’ ಎಂದರೆ ಬೆಂಕಿ ಪರೀಕ್ಷೆಯಲ್ಲಿ 2.5 ನಿಮಿಷ ತಡೆಯುವುದು, ‘ಬಿ’ ಎಂದರೆ ಆ ಪರೀಕ್ಷೆ ಇಲ್ಲದ್ದು. ‘ಬಿ1-15’ ಎಂದರೆ ಆವಿ ಸೋರಿಕೆ 24 ಗಂಟೆಗೆ ಚದರ ಮೀಟರಿಗೆ 15 ಗ್ರಾಂ ಮೀರದ್ದು. ಬಿಡಿ ಟ್ಯಾಂಕಿನಿಂದ ಎಂಜಿನ್ನಿಗೆ ಬರುವ ಹೋಸಿಗೆ ಬಿ1-15 ಸಾಕು. ತುದಿಯನ್ನು ಹರಿತ ಬ್ಲೇಡಿನಲ್ಲಿ ನೇರ ಕತ್ತರಿಸಿ. ಒಳಪದರ ಕಿತ್ತುಬಂದರೆ ಅದು ಮುಚ್ಚಳದಂತೆ ಮಡಚಿ ದಾರಿ ಕಟ್ಟುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ.

ಸ್ಕ್ರೂ ಕ್ಲಾಂಪ್ ಸಣ್ಣ ಹೋಸಿಗೆ ಹೇಳಿಮಾಡಿಸಿದ್ದಲ್ಲ. ಸ್ಕ್ರೂ ಇರುವ ಜಾಗದಲ್ಲಿ ಪಟ್ಟಿ ದುಂಡಗಾಗದೆ ನೇರ ನಿಲ್ಲುತ್ತದೆ, ಗಾಳಿ ನುಗ್ಗುವುದು ಅಲ್ಲೇ. ಒಂದು ಕಿವಿಯ, ಒಳಗೆ ಮೆಟ್ಟಿಲಿಲ್ಲದ ಸ್ಟೇನ್‌ಲೆಸ್ ಕ್ಲಾಂಪನ್ನು ಹೋಸಿನ ಹೊರವ್ಯಾಸ ಅಳೆದು ತನ್ನಿ, ಅದಕ್ಕಾಗಿಯೇ ಇರುವ ಇಕ್ಕಳದಿಂದ ಒತ್ತಿ.

ಗ್ಯಾಲ್ವನೈಸ್ ಮಾಡಿದ ಕಬ್ಬಿಣದ ಪೈಪ್ ಫಿಟಿಂಗ್ ಅಳತೆ ಹೊಂದಿದರೂ ಬೇಡ, ಸತುವಿನ ಲೇಪ ಪೆಟ್ರೋಲಿಗೆ ಇಳಿಯುತ್ತದೆ.

ಕನೆಕ್ಟರ್ ಮತ್ತು ಅದರೊಳಗಿನ ಓ-ರಿಂಗ್

ಕನೆಕ್ಟರ್ ಕೆಟ್ಟಿತೆಂದು ಎಸೆಯುವವರು ನಿಜವಾಗಿ ಎಸೆಯುವುದು ಒಂದು ಓ-ರಿಂಗಿನ ಕೆಲಸವನ್ನು. ಹಳೆಯ ಲೋಹದ ಕನೆಕ್ಟರುಗಳು ಬದಲಿಯಾಗಿ ಬರುವ ಪ್ಲಾಸ್ಟಿಕ್ಕಿಗಿಂತ ಎಷ್ಟೋ ಮೇಲು. ಜಾನ್ಸನ್-ಎವಿನ್‌ರೂಡ್ ಬಗೆಯದರಲ್ಲಿ ತೂತಿನ ಬಾಯಲ್ಲೇ ಓ-ರಿಂಗ್ ಕೂತಿರುತ್ತದೆ, ಹಿಂದೆ ಸ್ಪ್ರಿಂಗಿನ ಕವಾಟ ಅದನ್ನು ಒತ್ತಿಕೊಂಡಿರುತ್ತದೆ. ತುದಿ ಮೊಂಡು ಮಾಡಿದ ಸಣ್ಣ ಮೊಳೆಯಿಂದ ಕವಾಟವನ್ನು ಒಳಕ್ಕೆ ಒತ್ತಿ ಹಿಡಿಯಿರಿ. ಬಾಗಿದ ಸೂಜಿಯಿಂದ ಹಳೆಯ ರಿಂಗನ್ನು ಚುಚ್ಚಿ ಹೊರಗೆಳೆಯಿರಿ, ಕೂರುವ ತೋಡಿಗೆ ಗೀರು ಬೀಳಬಾರದು. ಹೊಸ ರಿಂಗಿಗೆ ಟೂ-ಸ್ಟ್ರೋಕ್ ಆಯಿಲ್ ಸವರಿ, ಬೆರಳಲ್ಲಿ ಮಡಚಿ ಒಳಗೆ ತಳ್ಳಿ, ಮೊಂಡು ಕಡ್ಡಿಯಿಂದ ಒತ್ತಿ ತೋಡಿಗೆ ಕೂರಿಸಿ. ಮೊಳೆ ತೆಗೆದ ಮೇಲೆ ಕವಾಟ ಟಪ್ಪನೆ ವಾಪಸ್ ಬರಬೇಕು. ಎಂಜಿನ್ ಕಡೆಯ ಪಿನ್ ಸವೆದು ಗೆರೆ ಬಿದ್ದಿದ್ದರೆ ಹೊಸ ರಿಂಗೂ ಉಳಿಯುವುದಿಲ್ಲ, ಅದನ್ನು ನುಣುಪು ಎಮೆರಿ ಕಾಗದದಲ್ಲಿ ಸುತ್ತ ಉಜ್ಜಿ.

ರಿಂಗಿನ ವಸ್ತು ಕೇಳಿ ತಗೊಳ್ಳಿ. ನೈಟ್ರೈಲ್ ಸಾದಾ ಪೆಟ್ರೋಲಿಗೆ ಸಾಕು. ಎಥನಾಲ್ ಬೆರೆತ ಪೆಟ್ರೋಲಿಗೆ ವೈಟಾನ್ ಉತ್ತಮ, ಗಡಸುತನ ಶೋರ್ ಎ 70 ಆಸುಪಾಸು. ಇಪಿಡಿಎಂ ಪೆಟ್ರೋಲಿನಲ್ಲಿ ಊದಿಕೊಂಡು ಹಾಳಾಗುತ್ತದೆ. ನೈಟ್ರೈಲ್, ಇಪಿಡಿಎಂ ಎರಡೂ ಕಪ್ಪಗೇ ಇರುವುದರಿಂದ ನಲ್ಲಿ ಅಂಗಡಿಯ ರಿಂಗ್ ಡಬ್ಬಿಯಿಂದ ಆರಿಸಬೇಡಿ. ಸಿಲಿಕೋನ್ ಕೂಡ ಬೇಡ. ಅನುಮಾನ ಬಂದರೆ ಒಂದು ರಿಂಗನ್ನು ಒಂದು ದಿನ ಪೆಟ್ರೋಲಿನಲ್ಲಿ ನೆನೆಸಿ ಹೊಸದರ ಜೊತೆ ಇಟ್ಟು ನೋಡಿ, ಉತ್ತರ ಕಣ್ಣಿಗೇ ಕಾಣುತ್ತದೆ.

ಎಂಜಿನ್ ಮೇಲಿನ ಟ್ಯಾಂಕಿರುವ ಹಳೆಯ ಮಾದರಿಗಳ ಕಾಕಿನಲ್ಲಿ ಬೂಚು ಇರುತ್ತದೆ. ಟ್ಯಾಂಕ್ ಖಾಲಿಯಾಗಿ ವರ್ಷಗಟ್ಟಲೆ ನಿಂತರೆ ಅದು ಒಣಗಿ ಕುಗ್ಗುತ್ತದೆ. ಬಿಚ್ಚಿ ಬಿಸಿನೀರಿನಲ್ಲಿ ನೆನೆಸಿದರೆ ಕೆಲವೊಮ್ಮೆ ಮತ್ತೆ ಉಬ್ಬಿ ಹಿಡಿಯುತ್ತದೆ. ಚೂರು ಉದುರುತ್ತಿದ್ದರೆ ಅದೇ ಅಳತೆಯ ಹೊಸ ಬೂಚು ಹಾಕಿ. ಕಾರ್ಬ್ಯುರೇಟರಿನ ಫ್ಲೋಟ್ ಬೂಚಿನದಾಗಿದ್ದರೆ ಅದರ ಮೇಲಿನ ಶೆಲ್ಯಾಕ್ ಲೇಪವನ್ನು ಎಥನಾಲ್ ಕರಗಿಸುತ್ತದೆ, ಬೂಚು ಪೆಟ್ರೋಲ್ ಕುಡಿದು ಮುಳುಗುತ್ತದೆ. ಹೊಸ ಫಿಟಿಂಗುಗಳನ್ನು ಹಾಕಿದ ಮೇಲೂ ತುಂಬಿ ಹರಿಯುತ್ತಿದ್ದರೆ ಅಲ್ಲೊಮ್ಮೆ ನೋಡಿ.

ಏನೂ ಸಿಗದಿದ್ದಾಗ

ಒಂದು ಹಿತ್ತಾಳೆ ಷಟ್ಕೋನ ಸರಳು, ಒಂದು ಲೇತ್ ಇದ್ದವರಿಗೆ ಹೇಳಿ ಮಾಡಿಸಬಹುದು. ಚಿತ್ರದಲ್ಲಿ ಬರೆಯಬೇಕಾದ್ದು: ಎರಡೂ ತುದಿಯ ಥ್ರೆಡ್ ಹೆಸರು ಮತ್ತು ಉದ್ದ, ಒಳತೂತು, ಬಾರ್ಬಿನ ಏಣಿನ ವ್ಯಾಸ, ಕೋನ. ಬರೀ ಹಳೆಯ ಮಾದರಿ ಕೊಟ್ಟು ‘ಇದೇ ಥರ’ ಎಂದರೆ ಸವೆದ ಅಳತೆಯೇ ಹೊಸದಾಗಿ ಬರುತ್ತದೆ. ಅಡಾಪ್ಟರ್ ಮೇಲೆ ಅಡಾಪ್ಟರ್ ಪೋಣಿಸುವ ದಾರಿ ಬೇಡ. ಪ್ರತಿ ಜೋಡಣೆಯೂ ಗಾಳಿ ನುಗ್ಗಲು ಒಂದು ಬಾಗಿಲು, ಉದ್ದವಾದಷ್ಟೂ ಅದುರುವಿಕೆಯ ಸನ್ನೆ ಬಲ ಕಾರ್ಬ್ಯುರೇಟರಿನ ಥ್ರೆಡ್ ಮೇಲೆ. ಒಂದು ಅಡಾಪ್ಟರ್ ಆಗಲಿ, ಎರಡನೆಯದು ಬೇಕೆನಿಸಿದರೆ ಲೇತ್ ಕಡೆ ನಡೆಯಿರಿ.

ಕಾರ್ಬ್ಯುರೇಟರಿನ ಒಳಥ್ರೆಡ್ಡೇ ಹೋಗಿದ್ದರೆ, ಸುತ್ತ ಗೋಡೆ ದಪ್ಪವಿದ್ದಾಗ ಮಾತ್ರ ದೊಡ್ಡ ಟ್ಯಾಪ್ ಹೊಡೆದು ಹಿತ್ತಾಳೆ ಬುಷ್ ಕೂರಿಸಿ ಅದರೊಳಗೆ ಮೂಲ ಅಳತೆ ಕತ್ತರಿಸಿ. ಗೋಡೆ ತೆಳುವಾಗಿದ್ದರೆ ಇನ್ನೊಂದು ಸತ್ತ ಎಂಜಿನ್ನಿನ ಕಾರ್ಬ್ಯುರೇಟರ್ ಹುಡುಕುವುದೇ ಅಗ್ಗ.

ಪರೀಕ್ಷೆ

ಪಂಪಿನ ವ್ಯವಸ್ಥೆಯಲ್ಲಿ ಪ್ರೈಮರ್ ಬಲ್ಬನ್ನು ಬಾಣ ಮೇಲ್ಮುಖವಾಗಿ ನೆಟ್ಟಗೆ ಹಿಡಿದು ಒತ್ತಿ. ಗಟ್ಟಿಯಾದ ಮೇಲೆ ಗಟ್ಟಿಯಾಗಿಯೇ ಉಳಿಯಬೇಕು. ಬೇಗ ಮೆತ್ತಗಾದರೆ ಬಲ್ಬಿನ ಮುಂದೆ ಸೋರಿಕೆ ಇದೆ, ಇಲ್ಲವೇ ಫ್ಲೋಟ್ ಸೂಜಿ ಮುಚ್ಚುತ್ತಿಲ್ಲ, ಇಲ್ಲವೇ ಬಲ್ಬಿನ ಕವಾಟ ಹಿಂದಕ್ಕೆ ಬಿಡುತ್ತಿದೆ. ಜೋಡಣೆಗಳಿಗೆ ಸೋಪು ನೀರು ಬಳಿದು ನೋಡಿ. ಒತ್ತಡದ ಟ್ಯಾಂಕಿಗೂ ಸೋಪು ನೀರೇ ಸಾಕು, ಮುಚ್ಚಳದ ಸುತ್ತ ಮರೆಯಬೇಡಿ.

ಆದರೆ ಒತ್ತಡದಲ್ಲಿ ಹಿಡಿದದ್ದು ಎಳೆತದಲ್ಲಿ ಹಿಡಿಯಬೇಕೆಂದಿಲ್ಲ. ಒತ್ತಡ ಓ-ರಿಂಗನ್ನು ಒಂದು ಕಡೆ ತಳ್ಳಿದರೆ ಎಳೆತ ಇನ್ನೊಂದು ಕಡೆ ತಳ್ಳುತ್ತದೆ. ಆದ್ದರಿಂದ ಟ್ಯಾಂಕ್ ಕಡೆಯ ತುದಿ ಮುಚ್ಚಿ, ಎಂಜಿನ್ ಕಡೆಯಿಂದ ಕೈ ವ್ಯಾಕ್ಯೂಮ್ ಪಂಪಿನಲ್ಲಿ 5ರಿಂದ 7 ಇಂಚು ಪಾದರಸದಷ್ಟು ಎಳೆದು ಬಿಡಿ. ಐದು ನಿಮಿಷ ಮುಳ್ಳು ಅಲುಗಬಾರದು. ಅಲುಗಿದರೆ ಕನೆಕ್ಟರುಗಳನ್ನು ಒಂದೊಂದಾಗಿ ಬಿಟ್ಟು ಮತ್ತೆ ಎಳೆಯಿರಿ.

ಓಡುವಾಗ ನೋಡಲು ಪಂಪಿಗೆ ಪೆಟ್ರೋಲ್ ಬರುವ ಕಡೆ ಅಂಗೈಯುದ್ದದ ಪಾರದರ್ಶಕ ಹೋಸ್ ತಾತ್ಕಾಲಿಕವಾಗಿ ಸೇರಿಸಿ. ಶುರುವಿನಲ್ಲಿ ನಾಲ್ಕಾರು ಗುಳ್ಳೆ ಬಂದರೆ ಚಿಂತೆಯಿಲ್ಲ, ಬರುತ್ತಲೇ ಇದ್ದರೆ ಗಾಳಿ ಎಳೆಯುತ್ತಿದೆ. ಗುಳ್ಳೆ ಇಲ್ಲದೆಯೂ ವೇಗದಲ್ಲಿ ಸಾಯುತ್ತಿದ್ದರೆ, ಬಲ್ಬ್ ಒತ್ತಿದಾಗ ಚೇತರಿಸಿಕೊಂಡರೆ, ಎಲ್ಲೋ ದಾರಿ ಕಿರಿದಾಗಿದೆ. ವ್ಯಾಕ್ಯೂಮ್ ಗೇಜನ್ನು ಅಲ್ಲೇ ಟೀ ಜೋಡಣೆಯಲ್ಲಿ ಸೇರಿಸಿ ಪೂರ್ತಿ ಥ್ರಾಟಲಿನಲ್ಲಿ ನೋಡಿ. 4 ಇಂಚು ಪಾದರಸಕ್ಕಿಂತ ಹೆಚ್ಚು ತೋರಿಸಿದರೆ ಪಂಪ್ ಏದುಸಿರು ಬಿಡುತ್ತಿದೆ ಎಂದರ್ಥ. ಅಷ್ಟು ದೂರ ಹೋಗುವ ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯೇ ನೋಡಿ.

ಪಾರದರ್ಶಕ ಹೋಸನ್ನು ಪರೀಕ್ಷೆ ಮುಗಿದ ಕೂಡಲೇ ತೆಗೆಯಿರಿ, ಅದು ಪೆಟ್ರೋಲಿನಲ್ಲಿ ಗಡುಸಾಗಿ ಬಾರ್ಬಿನ ಮೇಲೆ ಸಡಿಲವಾಗುತ್ತದೆ. ಎಂಜಿನ್ ಒಮ್ಮೆ ಪೂರ್ತಿ ಬಿಸಿಯಾಗಿ ಆರಿದ ಮೇಲೆ ಫ್ಲೇರ್ ಮತ್ತು ಆಲಿವ್ ನಟ್ಟುಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ. ಎನ್‌ಪಿಟಿ ಫಿಟಿಂಗನ್ನು ಮಾತ್ರ ಮುಟ್ಟಬೇಡಿ, ಕಟ್ಟಿದ ಸೀಲಂಟ್ ಒಡೆಯುತ್ತದೆ.